ಹೊರದೇಶಕ್ಕೆ ಹಣ ಕಳಿಸುವಾಗ ದರದಲ್ಲಿ ಸೋರುವ ದುಡ್ಡು



2024-25ನೇ ಸಾಲಿನ ಜಮಾ-ಖರ್ಚಿನ ಪಟ್ಟಿ ಈ ವರದಿಯ ಕೊನೆಯಲ್ಲಿದೆ. ಯಾರಿಂದ ಎಷ್ಟು ಬಂತು, ಯಾವ ಕೋರ್ಸಿನ ಎಷ್ಟು ಮಕ್ಕಳಿಗೆ ಎಷ್ಟು ಹೋಯಿತು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಆದರೆ ಆ ಪಟ್ಟಿಯಲ್ಲಿ ಕಾಣಿಸದ ಒಂದು ಖರ್ಚು ಈ ವರ್ಷ ನಮ್ಮ ಗಮನಕ್ಕೆ ಬಂದಿದೆ. ಅದಕ್ಕೆ ರಸೀದಿ ಇಲ್ಲ, ಅದನ್ನು ಯಾರೂ ಕೇಳಿ ಪಡೆಯುವುದೂ ಇಲ್ಲ. ಹೊರದೇಶಕ್ಕೆ ಹಣ ಕಳಿಸುವಾಗ ವಿನಿಮಯ ದರದೊಳಗೆ ಸದ್ದಿಲ್ಲದೆ ಹೋಗುವ ದುಡ್ಡು ಅದು. ಗೊತ್ತಿದ್ದರೆ ಅದರ ಬಹುಪಾಲನ್ನು ಉಳಿಸಬಹುದು. ನಮಗೆ ಅದು ಗೊತ್ತಾದದ್ದು ಒಂದು ಕುಟುಂಬ ಪೆಟ್ಟು ತಿಂದ ಮೇಲೆ.

ನಮ್ಮ ವಿದ್ಯಾರ್ಥಿವೇತನದಲ್ಲಿ ಪಿಯುಸಿಯಿಂದ ಬಿ.ಇ. ತನಕ ಓದಿದ ಒಬ್ಬ ಹುಡುಗಿಗೆ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಿತು. ತಂದೆ ಗೂಡ್ಸ್ ಟೆಂಪೋ ಓಡಿಸುತ್ತಾರೆ, ತಾಯಿ ಬೀಡಿ ಕಟ್ಟುತ್ತಾರೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಹೆಚ್ಚಾಗಿ ಇರುವುದಿಲ್ಲ. ಆದರೆ ವೀಸಾ ಸಿಗಬೇಕಾದರೆ ಒಂದು ವರ್ಷದ ಊಟ-ವಸತಿಯ ಖರ್ಚನ್ನು ಮೊದಲೇ ‘ಬ್ಲಾಕ್ಡ್ ಅಕೌಂಟ್’ ಎಂಬ ಖಾತೆಯಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ. ಹುಡುಗಿ ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಆ ಹಣ ಅವಳ ಕೈಗೆ ಬರುತ್ತದೆ. ಮನೆ ಪಕ್ಕದ ಹತ್ತು ಸೆಂಟ್ಸ್ ಜಾಗ ಮಾರಿದ ಹಣ, ದಮ್ಮಾಮಿನಲ್ಲಿರುವ ಮಾವನ ನೆರವು, ನಮ್ಮ ಟ್ರಸ್ಟಿನ ₹40,000 ಎಲ್ಲ ಸೇರಿಸಿ ಕಳೆದ ಫೆಬ್ರವರಿಯಲ್ಲಿ ಅವರು ಹಣ ಒಟ್ಟು ಮಾಡಿದರು.

ಕಳಿಸಿದ್ದು ಮೊಬೈಲಿನಲ್ಲೇ, ರಾತ್ರಿ ಊಟವಾದ ಮೇಲೆ. ‘ಸೇವಾ ಶುಲ್ಕ ಶೂನ್ಯ’ ಎಂದು ಆ್ಯಪಿನಲ್ಲಿ ದೊಡ್ಡದಾಗಿ ಬರೆದಿತ್ತು. ಅಂದು ಯೂರೋದ ಮಾರುಕಟ್ಟೆ ದರ ₹90ರ ಆಸುಪಾಸಿನಲ್ಲಿತ್ತು. ಅವರಿಗೆ ಬಿದ್ದ ದರ ₹92.50. ಯೂರೋ ಒಂದಕ್ಕೆ ಎರಡೂವರೆ ರೂಪಾಯಿ ಅಂದರೆ ಕೇಳಲು ಏನೂ ಅನ್ನಿಸುವುದಿಲ್ಲ. 11,904ರಿಂದ ಗುಣಿಸಿದರೆ ಅದು ₹29,760 ಆಗುತ್ತದೆ. ದಾನಿಗಳು ಝಕಾತ್ ಮತ್ತು ಸದಕಾದಿಂದ ಕೊಟ್ಟ, ನಾವು ಸಮಿತಿಯಲ್ಲಿ ಮೂರು ಸಲ ಚರ್ಚಿಸಿ ಮಂಜೂರು ಮಾಡಿದ ₹40,000ದ ಮುಕ್ಕಾಲು ಪಾಲು ಅಲ್ಲೇ ಮುಗಿಯಿತು.

ಕಷ್ಟ ಅಷ್ಟಕ್ಕೇ ನಿಲ್ಲಲಿಲ್ಲ. ಜರ್ಮನಿಯ ಖಾತೆಗೆ ತಲುಪಿದ್ದು 11,877 ಯೂರೋ. ದಾರಿಯಲ್ಲಿ ಮಧ್ಯವರ್ತಿ ಬ್ಯಾಂಕೊಂದು 27 ಯೂರೋ ಕಡಿದುಕೊಂಡಿತ್ತು. ಪೂರ್ತಿ ಮೊತ್ತ ಬಾರದ ಹೊರತು ಆ ಖಾತೆಯವರು ದೃಢೀಕರಣ ಪತ್ರ ಕೊಡುವುದಿಲ್ಲ, ಪತ್ರವಿಲ್ಲದೆ ವೀಸಾ ಕಡತ ಮುಂದೆ ಹೋಗುವುದಿಲ್ಲ. ವೀಸಾ ಅಪಾಯಿಂಟ್‌ಮೆಂಟಿಗೆ ಒಂಬತ್ತು ದಿನ ಉಳಿದಿತ್ತು. ತಂದೆ ನಮ್ಮ ಕಚೇರಿಗೆ ಬಂದು ಕಾರ್ಯದರ್ಶಿಯವರ ಮುಂದೆ ಮೊಬೈಲ್ ಇಟ್ಟು, “ಮಾಸ್ಟ್ರೇ, ನಾನು ಕಳಿಸಿದ್ದು ಸರಿಯೇ ಇತ್ತಲ್ಲ, ಕಾಸು ಎಲ್ಲಿ ಸೋರಿತು?” ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ಆಗ ಉತ್ತರ ಗೊತ್ತಿರಲಿಲ್ಲ. ಕೊರತೆಯ 27 ಯೂರೋಗೆಂದು ಮತ್ತೆ 60 ಯೂರೋ ಕಳಿಸಬೇಕಾಯಿತು, ಅದಕ್ಕೆ ಬೇರೆಯೇ ಶುಲ್ಕ. ಪತ್ರ ಅಪಾಯಿಂಟ್‌ಮೆಂಟಿನ ಹಿಂದಿನ ದಿನ ಸಂಜೆ ಬಂತು. ಅಲ್‌ಹಮ್ದುಲಿಲ್ಲಾಹ್, ಹುಡುಗಿ ಈಗ ಅಲ್ಲಿ ಓದುತ್ತಿದ್ದಾಳೆ. ಆದರೆ ತಂದೆ ಕೇಳಿದ ಪ್ರಶ್ನೆಗೆ ನಾವು ಉತ್ತರ ಕೊಡಲೇಬೇಕಿತ್ತು. ಹಲವು ತಿಂಗಳು ಬ್ಯಾಂಕಿನವರಲ್ಲಿ, ಲೆಕ್ಕಪರಿಶೋಧಕರಲ್ಲಿ, ಮಕ್ಕಳನ್ನು ಹೊರದೇಶಕ್ಕೆ ಕಳಿಸಿದ ಇತರ ಹೆತ್ತವರಲ್ಲಿ ವಿಚಾರಿಸಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಅಳತೆಗೋಲು ಯಾವುದು?

ಬ್ಯಾಂಕುಗಳು ತಮ್ಮತಮ್ಮೊಳಗೆ ಡಾಲರ್, ಯೂರೋಗಳನ್ನು ದೊಡ್ಡ ಮೊತ್ತದಲ್ಲಿ ಕೊಂಡು ಮಾರುತ್ತವೆ. ಆ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ದರವನ್ನು ಮಧ್ಯದರ ಎನ್ನೋಣ. ಗೂಗಲಿನಲ್ಲಿ ‘ಒಂದು ಯೂರೋಗೆ ಎಷ್ಟು ರೂಪಾಯಿ’ ಎಂದು ಹುಡುಕಿದಾಗ ಸಿಗುವುದು ಹೆಚ್ಚುಕಡಿಮೆ ಇದೇ. ಅಧಿಕೃತವಾದದ್ದು ಬೇಕೆಂದರೆ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಕೆಲಸದ ದಿನಗಳಂದು ಡಾಲರ್, ಯೂರೋ, ಪೌಂಡ್, ಯೆನ್‌ಗಳ ಉಲ್ಲೇಖ ದರ ಸಿಗುತ್ತದೆ. ಅದನ್ನು 2018ರ ಜುಲೈಯಿಂದ ಎಫ್‌ಬಿಐಎಲ್ ಎಂಬ ಸಂಸ್ಥೆ ಲೆಕ್ಕ ಹಾಕಿ ಮಧ್ಯಾಹ್ನದ ಹೊತ್ತಿಗೆ ಪ್ರಕಟಿಸುತ್ತಿದೆ.

ಈ ದರಕ್ಕೆ ನಮ್ಮಂಥವರಿಗೆ ಯಾರೂ ಯೂರೋ ಕೊಡುವುದಿಲ್ಲ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಸಗಟು ಬೆಲೆಗೆ ಚಿಲ್ಲರೆ ಅಂಗಡಿಯಲ್ಲಿ ಸಾಮಾನು ಸಿಗದ ಹಾಗೆ. ಆದರೆ ಸಗಟು ಬೆಲೆ ಗೊತ್ತಿದ್ದರೆ ಅಂಗಡಿಯವನು ಎಷ್ಟು ಇಟ್ಟುಕೊಂಡ ಎಂಬುದು ತಿಳಿಯುತ್ತದೆ. ಆ ವ್ಯತ್ಯಾಸವೇ ನೀವು ನಿಜವಾಗಿ ಕೊಡುತ್ತಿರುವ ಕಮಿಷನ್. ‘ಶುಲ್ಕ ಶೂನ್ಯ’ ಎಂದು ಬರೆದವರು ಧರ್ಮಕ್ಕೆ ಕೆಲಸ ಮಾಡುತ್ತಿಲ್ಲ. ಶುಲ್ಕವನ್ನು ದರದೊಳಗೆ ಇಟ್ಟಿರುತ್ತಾರೆ, ಅಷ್ಟೇ. ಸಾವಿರ ರೂಪಾಯಿ ಶುಲ್ಕ ತೆಗೆದುಕೊಂಡು ಒಳ್ಳೆಯ ದರ ಕೊಡುವವರು ಎಷ್ಟೋ ಸಲ ಶುಲ್ಕವೇ ಇಲ್ಲ ಎನ್ನುವವರಿಗಿಂತ ಅಗ್ಗವಾಗುತ್ತಾರೆ.

ಹೋಲಿಸಿ ನೋಡಲು ಒಂದೇ ಒಂದು ಭಾಗಾಕಾರ ಸಾಕು. ನಿಮ್ಮ ಖಾತೆಯಿಂದ ಹೋಗುವ ಒಟ್ಟು ರೂಪಾಯಿಯನ್ನು (ಟಿಸಿಎಸ್ ತೆರಿಗೆ ಬಿಟ್ಟು, ಅದರ ಕಥೆ ಮುಂದೆ ಹೇಳುತ್ತೇವೆ) ಅಲ್ಲಿಗೆ ತಲುಪುವ ಒಟ್ಟು ಯೂರೋದಿಂದ ಭಾಗಿಸಿ. ಬಂದ ಉತ್ತರವೇ ನಿಮ್ಮ ನಿಜವಾದ ದರ. ಪರದೆಯ ಮೇಲೆ ದರ ಎಂದು ಬರೆದದ್ದನ್ನು ನಂಬಬೇಡಿ, ಈ ಉತ್ತರವನ್ನು ಮಧ್ಯದರದ ಪಕ್ಕದಲ್ಲಿಟ್ಟು ನೋಡಿ. ಎರಡು ಮೂರು ಕಡೆ ಕೇಳುವುದಾದರೆ ಒಂದೇ ದಿನ, ಒಂದೇ ಹೊತ್ತಿನಲ್ಲಿ ಕೇಳಿ. ಬೆಳಿಗ್ಗೆ ಒಬ್ಬರದ್ದು, ಮರುದಿನ ಸಂಜೆ ಇನ್ನೊಬ್ಬರದ್ದು ತಂದರೆ ಆ ನಡುವೆ ಮಾರುಕಟ್ಟೆಯೇ ಕದಲಿರುತ್ತದೆ.

ಹೊತ್ತಿನ ವಿಷಯ ಬಂದದ್ದರಿಂದ ಹೇಳುತ್ತೇವೆ: ರೂಪಾಯಿಯ ಮಾರುಕಟ್ಟೆ ಸೋಮವಾರದಿಂದ ಶುಕ್ರವಾರ ಹಗಲಿನಲ್ಲಿ ನಡೆಯುತ್ತದೆ. ರಾತ್ರಿ, ಶನಿವಾರ, ಭಾನುವಾರ ಕಳಿಸುವವರಿಗೆ ದರ ಕೊಡುವವರು ಸೋಮವಾರ ಏನಾಗುತ್ತದೋ ಎಂಬ ಅಳುಕಿಗೆ ಒಂದಿಷ್ಟು ಹೆಚ್ಚುವರಿ ಸೇರಿಸಿರುತ್ತಾರೆ. ಕೆಲಸದ ದಿನ ಹಗಲು ಹನ್ನೊಂದರಿಂದ ಎರಡರ ಒಳಗೆ ಕೂತು ಈ ಕೆಲಸ ಮಾಡಿ. ನಾಳೆ ದರ ಇಳಿದೀತು ಎಂದು ವಾರಗಟ್ಟಲೆ ಕಾಯುವುದನ್ನು ಮಾತ್ರ ನಾವು ಒಪ್ಪುವುದಿಲ್ಲ. ದರ ಎತ್ತ ಹೋಗುತ್ತದೆ ಎಂದು ಹೇಳಬಲ್ಲವರು ಯಾರೂ ಇಲ್ಲ, ವೀಸಾದ ದಿನಾಂಕ ನಿಮಗಾಗಿ ಕಾಯುವುದೂ ಇಲ್ಲ.

ಬ್ಯಾಂಕಿನಲ್ಲಿ ಚೌಕಾಸಿ ಮಾಡಬಹುದೇ?

ಮಾಡಬಹುದು. ಇದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಬಂಗುಡೆಗೆ ಹತ್ತು ರೂಪಾಯಿ ಕಡಿಮೆ ಮಾಡಿಸದೆ ಮಾರ್ಕೆಟಿನಿಂದ ಹೊರಡದ ನಾವು ಹನ್ನೊಂದು ಲಕ್ಷ ರೂಪಾಯಿಯ ಯೂರೋ ಕೊಳ್ಳುವಾಗ ಬಾಯಿ ಮುಚ್ಚಿ ಕೂರುತ್ತೇವೆ.

ಬ್ಯಾಂಕುಗಳು ಪ್ರತಿ ಬೆಳಿಗ್ಗೆ ದರಪಟ್ಟಿ ಹೊರಡಿಸುತ್ತವೆ. ಅದಕ್ಕೆ ಅವರು ಕಾರ್ಡ್ ರೇಟ್ ಎನ್ನುತ್ತಾರೆ. ಅದರಲ್ಲಿ ಟಿಟಿ ಬೈಯಿಂಗ್, ಟಿಟಿ ಸೆಲ್ಲಿಂಗ್, ಬಿಲ್, ನಗದು ಎಂದು ಬೇರೆಬೇರೆ ಕಾಲಂ ಇರುತ್ತದೆ. ಹೊರಗೆ ಹಣ ಕಳಿಸುವವರಿಗೆ ಅನ್ವಯಿಸುವುದು ಟಿಟಿ ಸೆಲ್ಲಿಂಗ್. ಕೆಲವರು ಪಕ್ಕದ ಬೈಯಿಂಗ್ ಕಾಲಂ ನೋಡಿ ದರ ಚೆನ್ನಾಗಿದೆ ಎಂದು ಖುಷಿಪಟ್ಟು ಆಮೇಲೆ ಜಗಳಕ್ಕೆ ಹೋಗುತ್ತಾರೆ. ಈ ಪಟ್ಟಿ ಸಣ್ಣ ಮೊತ್ತಗಳಿಗೆ ಮಾಡಿದ್ದು. ಮೊತ್ತ ದೊಡ್ಡದಿದ್ದಾಗ ಶಾಖೆಯವರು ತಮ್ಮ ವಿದೇಶಿ ವಿನಿಮಯ ವಿಭಾಗವನ್ನು ಕೇಳಿ ಬೇರೆ ದರ ತರಿಸಬಲ್ಲರು. ಆದರೆ ಕೇಳದವರಿಗೆ ತರಿಸುವುದಿಲ್ಲ. ಆ್ಯಪಿನಲ್ಲಂತೂ ಕೇಳುವ ಜಾಗವೇ ಇಲ್ಲ, ಕಾಣಿಸಿದ ದರಕ್ಕೆ ಒತ್ತುವುದಷ್ಟೇ.

ನಮ್ಮ ಪಟ್ಟಿಯಲ್ಲಿರುವ ಇನ್ನೊಬ್ಬ ವಿದ್ಯಾರ್ಥಿಯ ತಾಯಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅವರು ಬೇರೆ ಎರಡು ಕಡೆಯ ದರವನ್ನು ಚೀಟಿಯಲ್ಲಿ ಬರೆದುಕೊಂಡು ತಮ್ಮ ಸಂಬಳದ ಖಾತೆ ಇರುವ ಶಾಖೆಗೆ ಹೋದರು. “ಸರ್, ಇವತ್ತಿನ ಮಧ್ಯದರ ಇಷ್ಟಿದೆ, ಇವರು ಇಷ್ಟು ಕೊಡುತ್ತಾರೆ, ನೀವೆಷ್ಟು ಕೊಡುತ್ತೀರಿ?” ಎಂದು ಕೇಳಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಅರ್ಧ ಗಂಟೆ ಕಾದ ಮೇಲೆ ಅವರಿಗೆ ಮಧ್ಯದರಕ್ಕಿಂತ 70 ಪೈಸೆ ಹೆಚ್ಚಿಗೆ ಯೂರೋ ಸಿಕ್ಕಿತು. ಅದೇ 11,904 ಯೂರೋಗೆ ಅವರ ಮೇಲೆ ಬಿದ್ದ ಭಾರ ಸುಮಾರು ₹8,333. ಮೊದಲ ಕುಟುಂಬದ ಭಾರ ₹29,760 ಆಗಿತ್ತು.

ಯಾವ ಕರೆನ್ಸಿಯಲ್ಲಿ ಬಿಲ್ಲು ಬಂದಿದೆಯೋ ಅದರಲ್ಲೇ ಕಳಿಸಿ. ಕೆಲವು ಆ್ಯಪುಗಳಲ್ಲಿ ಡಾಲರ್ ಮೊದಲೇ ಆಯ್ಕೆಯಾಗಿರುತ್ತದೆ. ನೋಡದೆ ಮುಂದೆ ಹೋದರೆ ರೂಪಾಯಿ ಇಲ್ಲಿ ಡಾಲರ್ ಆಗಿ, ಡಾಲರ್ ಅಲ್ಲಿ ಅವರು ಹೇಳಿದ ದರಕ್ಕೆ ಯೂರೋ ಆಗುತ್ತದೆ. ಎರಡು ಕಡೆ ಕತ್ತರಿ. ಹಾಗೆಂದು ಎಲ್ಲ ದೇಶಕ್ಕೂ ಅಲ್ಲಿನ ನಾಣ್ಯವೇ ಸರಿ ಎಂದಲ್ಲ. ಜಾರ್ಜಿಯಾ, ಕಿರ್ಗಿಸ್ತಾನ್ ಮುಂತಾದೆಡೆ ಎಂಬಿಬಿಎಸ್ ಓದುವ ಮಕ್ಕಳಿಗೆ ಫೀಸ್ ಸಾಮಾನ್ಯವಾಗಿ ಡಾಲರಿನಲ್ಲೇ ಬರುತ್ತದೆ. ಅಲ್ಲಿಗೆ ಡಾಲರೇ ಕಳಿಸಬೇಕು.

ಆ 27 ಯೂರೋ

ಬ್ಯಾಂಕಿನಿಂದ ಬ್ಯಾಂಕಿಗೆ ಸ್ವಿಫ್ಟ್ ಮೂಲಕ ಹೋಗುವ ಹಣ ಎಷ್ಟೋ ಸಲ ನೇರವಾಗಿ ಹೋಗುವುದಿಲ್ಲ. ನಡುವೆ ಒಂದೋ ಎರಡೋ ಬ್ಯಾಂಕುಗಳ ಕೈದಾಟಿ ಹೋಗುತ್ತದೆ, ಅವು ತಮ್ಮ ಕೂಲಿಯನ್ನು ದಾರಿಯಲ್ಲೇ ಹಿಡಿದುಕೊಳ್ಳುತ್ತವೆ. ಈ ಖರ್ಚು ಯಾರದು ಎಂದು ಅರ್ಜಿಯಲ್ಲಿ ಕೇಳಿರುತ್ತಾರೆ. ‘ಎಸ್‌ಎಚ್‌ಎ’ ಎಂದು ಗುರುತು ಹಾಕಿದರೆ ಇಲ್ಲಿನ ಖರ್ಚು ನಮ್ಮದು, ಉಳಿದದ್ದು ಪಡೆಯುವವರದು. ‘ಬಿಇಎನ್’ ಎಂದರೆ ಎಲ್ಲವೂ ಪಡೆಯುವವರದು. ‘ಓಯುಆರ್’ ಎಂದರೆ ಎಲ್ಲ ಖರ್ಚೂ ಕಳಿಸುವ ನಮ್ಮದೇ. ನಮ್ಮ ಹುಡುಗಿಯ ತಂದೆಗೆ ಆ ಪ್ರಶ್ನೆ ಕಂಡದ್ದೇ ನೆನಪಿಲ್ಲ, ಆ್ಯಪಿನಲ್ಲಿ ಎಸ್‌ಎಚ್‌ಎ ತಾನಾಗಿ ಆಯ್ಕೆಯಾಗಿತ್ತು.

ಫೀಸ್ ಮತ್ತು ಬ್ಲಾಕ್ಡ್ ಅಕೌಂಟಿಗೆ ಯಾವಾಗಲೂ ಓಯುಆರ್ ಆಯ್ದುಕೊಳ್ಳಿ. ಅದಕ್ಕೆ ಇಲ್ಲಿ ಒಂದೆರಡು ಸಾವಿರ ಹೆಚ್ಚು ಹೋಗಬಹುದು. ಆದರೂ ಪೂರ್ತಿ ಮೊತ್ತ ಮುಟ್ಟುವುದು ಮುಖ್ಯ. ಆಯ್ಕೆಯೇ ಇಲ್ಲದಿದ್ದರೆ ‘ಅಲ್ಲಿ ಕೈಗೆ ಸಿಗುವ ಮೊತ್ತ ಇಷ್ಟು’ ಎಂದು ಖಾತರಿ ಕೊಡುವ ಸೇವೆ ನೋಡಿ, ಅದೂ ಸಿಗದಿದ್ದರೆ 40-50 ಯೂರೋ ಹೆಚ್ಚಿಗೆ ಕಳಿಸಿ. ಕಳಿಸಿದ ಮೇಲೆ ಬ್ಯಾಂಕಿನಿಂದ ಸ್ವಿಫ್ಟ್ ಪ್ರತಿ ಕೇಳಿ ಪಡೆಯಿರಿ. ಹಣ ಎಲ್ಲಿದೆ ಎಂದು ಹುಡುಕಲು ಬೇಕಾದ ಸಂಖ್ಯೆ ಅದರಲ್ಲಿರುತ್ತದೆ.

ವಿಶ್ವವಿದ್ಯಾಲಯದ ಪೋರ್ಟಲ್ ಮತ್ತು ಕಾರ್ಡು

ಈಗ ಹಲವು ವಿಶ್ವವಿದ್ಯಾಲಯಗಳು ಫೀಸ್ ಕಟ್ಟಲು ಪಾವತಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡಿವೆ. ಪೋರ್ಟಲಿನಲ್ಲೇ ‘ಇಷ್ಟು ರೂಪಾಯಿ ಕಟ್ಟಿ’ ಎಂದು ಬರುತ್ತದೆ. ಇದರಲ್ಲಿ ಒಂದು ಅನುಕೂಲವಿದೆ: ಅಲ್ಲಿ ಕೊರತೆ ಬೀಳುವ ಭಯ ಕಡಿಮೆ. ಆದರೆ ವಿಶ್ವವಿದ್ಯಾಲಯದ ಹೆಸರು ಮೇಲಿದೆ ಎಂದ ಮಾತ್ರಕ್ಕೆ ದರ ವಿಶ್ವವಿದ್ಯಾಲಯದ್ದಲ್ಲ. ಅದೇ ಭಾಗಾಕಾರ ಮಾಡಿ, ಬ್ಯಾಂಕಿನ ದರದ ಜೊತೆ ಹೋಲಿಸಿ, ಆಮೇಲೆ ತೀರ್ಮಾನಿಸಿ.

ಅರ್ಜಿ ಶುಲ್ಕದಂಥ ಸಣ್ಣ ಮೊತ್ತಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಜರ್ಮನಿಯ ಯೂನಿ-ಅಸಿಸ್ಟ್‌ಗೆ ಮೊದಲ ಅರ್ಜಿಗೆ 75 ಯೂರೋ ಕಟ್ಟಬೇಕು. ಅದನ್ನು ಸ್ವಿಫ್ಟಿನಲ್ಲಿ ಕಳಿಸುವುದು ಮೂಗಿಗಿಂತ ಮೂಗುತಿ ಭಾರ. ಕಾರ್ಡಿನಲ್ಲೇ ಕಟ್ಟಿ. ಕಾರ್ಡಿನವರು ಸಾಮಾನ್ಯವಾಗಿ ಶೇ. 2ರಿಂದ 3.5ರಷ್ಟು ಮೇಲೆ ಹಾಕುತ್ತಾರೆ, 75 ಯೂರೋಗೆ ಅದು ಇನ್ನೂರು ಮುನ್ನೂರು ರೂಪಾಯಿಯ ಮಾತು. ಒಂದೇ ಒಂದು ಎಚ್ಚರ: ಪಾವತಿಯ ಪುಟದಲ್ಲಿ ‘ಯೂರೋದಲ್ಲಿ ಕಟ್ಟುತ್ತೀರಾ, ರೂಪಾಯಿಯಲ್ಲಿ ಕಟ್ಟುತ್ತೀರಾ’ ಎಂದು ಕೇಳಿದರೆ ಯೂರೋ ಎನ್ನಿ. ರೂಪಾಯಿ ಎಂದರೆ ಆ ಅಂಗಡಿಯವರ ದರ ಅನ್ವಯಿಸುತ್ತದೆ, ಅದು ಒಳ್ಳೆಯದಿರುವುದು ಅಪರೂಪ. ಇದೇ ಕಾರ್ಡಿನಲ್ಲಿ ಸೆಮಿಸ್ಟರ್ ಫೀಸ್ ಕಟ್ಟಲು ಮಾತ್ರ ಹೋಗಬೇಡಿ. ಶೇ. 3.5 ಎಂದರೆ ಐದು ಲಕ್ಷಕ್ಕೆ ₹17,500.

ತೆರಿಗೆ: ಯಾವುದು ಖರ್ಚು, ಯಾವುದು ಅಲ್ಲ

ವಿದೇಶಿ ನಾಣ್ಯ ಕೊಂಡಾಗ ಅದರ ಮೇಲೆ ಜಿಎಸ್‌ಟಿ ಇದೆ. ಕೇಳಿದ ಕೂಡಲೇ ಪೂರ್ತಿ ಮೊತ್ತದ ಶೇ. 18 ಎಂದು ಹೆದರುವವರಿದ್ದಾರೆ. ಹಾಗಿಲ್ಲ. ಮೊತ್ತದ ಒಂದು ಸಣ್ಣ ಭಾಗವನ್ನು ಸೇವೆಯ ಬೆಲೆ ಎಂದು ಲೆಕ್ಕ ಹಿಡಿದು ಅದರ ಮೇಲೆ ಮಾತ್ರ ಶೇ. 18 ಹಾಕುತ್ತಾರೆ. ನಮ್ಮ ಹುಡುಗಿಯ ₹11,01,120ಕ್ಕೆ ಬಂದದ್ದು ₹1,008. ಎಲ್ಲಿಗೆ ಹೋದರೂ ಇದು ಹೆಚ್ಚುಕಡಿಮೆ ಅಷ್ಟೇ.

ಟಿಸಿಎಸ್ ವಿಷಯ ಬೇರೆ. ಒಂದು ಹಣಕಾಸು ವರ್ಷದಲ್ಲಿ ಒಬ್ಬರು ನಿಗದಿತ ಮಿತಿಗಿಂತ ಹೆಚ್ಚು ಹಣ ಹೊರಗೆ ಕಳಿಸಿದರೆ ಮಿತಿ ಮೀರಿದ ಮೊತ್ತದ ಮೇಲೆ ಬ್ಯಾಂಕು ಇದನ್ನು ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುತ್ತದೆ. 2024-25ರಲ್ಲಿ ಮಿತಿ ₹7 ಲಕ್ಷ ಇತ್ತು, 2025ರ ಏಪ್ರಿಲ್ 1ರಿಂದ ₹10 ಲಕ್ಷ ಆಗಿದೆ. 2025-26ನೇ ಸಾಲಿನಲ್ಲಿ ಓದಿಗೆಂದು ಕಳಿಸುವ ಹಣಕ್ಕೆ ದರ ಶೇ. 5 ಇತ್ತು. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದರೆ ಏನೂ ಇಲ್ಲ. ಬಡ್ಡಿ ಬೇಡವೆಂದು ಸಾಲಕ್ಕೆ ಹೋಗದ ನಮ್ಮ ಕುಟುಂಬಗಳಿಗೆ ಆ ವಿನಾಯಿತಿ ಸಿಗುವುದಿಲ್ಲ. ಆದ್ದರಿಂದ ಉಳಿದ ದಾರಿಗಳನ್ನು ಸರಿಯಾಗಿ ತಿಳಿದಿರಬೇಕು.

ಮೊದಲನೆಯದು, ಅರ್ಜಿಯಲ್ಲಿ ಉದ್ದೇಶವನ್ನು ಸರಿಯಾಗಿ ಬರೆಯುವುದು. ಎ2 ಎಂಬ ಅರ್ಜಿಯಲ್ಲಿ ಉದ್ದೇಶದ ಸಂಕೇತ ಕೇಳುತ್ತಾರೆ. ವಿದ್ಯಾಭ್ಯಾಸಕ್ಕೆ ಎಸ್0305. ಫೀಸ್ ಮಾತ್ರವಲ್ಲ, ಓದುವ ಕಾಲದ ದಿನನಿತ್ಯದ ಖರ್ಚೂ ಟಿಸಿಎಸ್ ಲೆಕ್ಕದಲ್ಲಿ ವಿದ್ಯಾಭ್ಯಾಸವೇ ಎಂದು ಆದಾಯ ತೆರಿಗೆ ಇಲಾಖೆ 2023ರಲ್ಲಿ ಸ್ಪಷ್ಟಪಡಿಸಿದೆ. ಮಗಳಿಗೆ ತಾನೇ ಎಂದು ಉಡುಗೊರೆ ಅಥವಾ ಕುಟುಂಬ ನಿರ್ವಹಣೆ ಎಂದು ಗುರುತು ಹಾಕಿದರೆ ಮಿತಿ ಮೀರಿದ ಹಣಕ್ಕೆ ಶೇ. 20 ಹಿಡಿಯುತ್ತಾರೆ.

ಎರಡನೆಯದು, ಮಿತಿ ಪ್ಯಾನ್ ಕಾರ್ಡಿಗೊಂದು. ತಂದೆ-ತಾಯಿ ಇಬ್ಬರ ಖಾತೆಯಲ್ಲೂ ಅವರವರ ಹಣ ಇದ್ದರೆ ಇಬ್ಬರೂ ಒಂದೊಂದು ಪಾಲು ಕಳಿಸಬಹುದು, ಇಬ್ಬರಿಗೂ ಬೇರೆಬೇರೆ ₹10 ಲಕ್ಷದ ಮಿತಿ ಸಿಗುತ್ತದೆ. ನಮ್ಮ ತಾಯಂದಿರಲ್ಲಿ ಅನೇಕರಿಗೆ ಇನ್ನೂ ಪ್ಯಾನ್ ಇಲ್ಲ. ಮಗ ಅಥವಾ ಮಗಳು ಹೊರಗೆ ಹೋಗುವ ಮಾತು ಮನೆಯಲ್ಲಿ ಬಂದ ದಿನವೇ ಮಾಡಿಸಿ.

ಮೂರನೆಯದು, ಕಟ್ಟಿದ ಟಿಸಿಎಸ್ ಕಳೆದುಹೋದ ಹಣ ಅಲ್ಲ. ಅದು ನಿಮ್ಮ ಹೆಸರಿನಲ್ಲಿ ಜಮಾ ಆಗಿರುತ್ತದೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ನಿಮ್ಮ ತೆರಿಗೆ ಕಳೆದು ಉಳಿದದ್ದು ವಾಪಸ್ ಬರುತ್ತದೆ. ಟೆಂಪೋ ಓಡಿಸುವ ನಮ್ಮ ತಂದೆಗೆ ಹಳೆಯ ಮಿತಿಯಂತೆ ₹20,056 ಹಿಡಿದಿದ್ದರು. ಅವರು ಜೀವನದಲ್ಲಿ ರಿಟರ್ನ್ ಹಾಕಿದವರಲ್ಲ, ಆ ಹಣ ಹೋಯಿತೆಂದೇ ತಿಳಿದಿದ್ದರು. ಟ್ರಸ್ಟಿನ ಲೆಕ್ಕಪರಿಶೋಧಕರು ಶುಲ್ಕವಿಲ್ಲದೆ ಅವರ ರಿಟರ್ನ್ ಸಲ್ಲಿಸಿದ್ದಾರೆ. ಹೊಸ ಮಿತಿ ಆಗಲೇ ಇದ್ದಿದ್ದರೆ ಹಿಡಿಯುತ್ತಿದ್ದದ್ದು ₹5,056 ಮಾತ್ರ. ಹಳೆಯ ವರ್ಷಗಳಲ್ಲಿ ಇದೇ ರೀತಿ ಹಣ ಕಟ್ಟಿ ಸುಮ್ಮನಿರುವವರು ಇದ್ದರೆ ಕಾಗದಪತ್ರ ತೆಗೆದುಕೊಂಡು ಕಚೇರಿಗೆ ಬನ್ನಿ.

‘ಇಲ್ಲಿ ಕೊಡಿ, ಅಲ್ಲಿ ಕೊಡುತ್ತೇನೆ’

ಇದನ್ನು ಬರೆಯಲು ನಮಗೆ ಸಂಕೋಚವಿದೆ, ಆದರೆ ಬರೆಯದಿದ್ದರೆ ತಪ್ಪಾಗುತ್ತದೆ. ಹೊರದೇಶದಲ್ಲಿ ಓದುವ ಮಕ್ಕಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿರುತ್ತದೆ: ‘ಮಂಗಳೂರಿನಲ್ಲಿ ನನ್ನ ತಂದೆಯ ಖಾತೆಗೆ ರೂಪಾಯಿ ಹಾಕಿಸು, ನಾನು ಇಲ್ಲಿ ನಿನಗೆ ಯೂರೋ ಕೊಡುತ್ತೇನೆ, ಗೂಗಲ್ ದರಕ್ಕೆ.’ ಇಬ್ಬರಿಗೂ ಲಾಭ ಎಂದು ಕಾಣುತ್ತದೆ, ಕೊಡುವವನು ಒಳ್ಳೆಯ ಹುಡುಗನೂ ಇರಬಹುದು. ಆದರೆ ಇದು ಹವಾಲಾದ ಇನ್ನೊಂದು ರೂಪ. ಫೆಮಾ ಕಾಯ್ದೆಯ ಉಲ್ಲಂಘನೆ, ಮೊತ್ತದ ಮೂರು ಪಟ್ಟಿನವರೆಗೆ ದಂಡಕ್ಕೆ ಅವಕಾಶವಿದೆ. ಆ ಕಡೆಯಿಂದ ಬರುವ ಯೂರೋ ಯಾರದ್ದು, ಯಾವ ವಂಚನೆಯದ್ದು ಎಂದು ನಿಮ್ಮ ಮಗುವಿಗೆ ಗೊತ್ತಿರುವುದಿಲ್ಲ. ಪೊಲೀಸರು ಬಂದರೆ ಖಾತೆ ಸ್ಥಗಿತವಾಗುವುದು, ವೀಸಾ ತೊಂದರೆಗೆ ಸಿಲುಕುವುದು ನಿಮ್ಮ ಮಗುವಿನದ್ದೇ. ಮಧ್ಯದರಕ್ಕೆ ಅಥವಾ ಅದಕ್ಕಿಂತಲೂ ಅಗ್ಗಕ್ಕೆ ಕೊಡುತ್ತೇನೆ ಎನ್ನುವವರು ಯಾರೇ ಇರಲಿ, ಅಲ್ಲಿಂದ ಎದ್ದು ಬನ್ನಿ.

ಗಲ್ಫಿನ ದಾನಿಗಳಿಗೆ

ಇದುವರೆಗೆ ಇಲ್ಲಿಂದ ಹೊರಗೆ ಹೋಗುವ ಹಣದ ಮಾತಾಯಿತು. ನಮ್ಮ ದಾನಿಗಳಲ್ಲಿ ಬಹುಪಾಲು ಮಂದಿ ದುಬೈ, ಜುಬೈಲ್, ದೋಹಾ, ಮಸ್ಕತ್‌ಗಳಿಂದ ಇಲ್ಲಿಗೆ ಕಳಿಸುವವರು. ದಾರಿ ತಿರುಗುಮುರುಗು, ಲೆಕ್ಕ ಒಂದೇ.

ಹಿರಿಯರಿಗೆ ನೆನಪಿರಬಹುದು, ಲಾಂಚು ಹತ್ತಿ ಅತ್ತ ಹೋದವರ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ. ಕುವೈತ್‌ನಲ್ಲಿ 1961ರ ತನಕ, ಕತಾರ್ ಮತ್ತು ದುಬೈಗಳಲ್ಲಿ 1966ರ ತನಕ ಓಡುತ್ತಿದ್ದುದು ರೂಪಾಯಿಯೇ. 1959ರಿಂದ ರಿಸರ್ವ್ ಬ್ಯಾಂಕು ಅಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತ್ತು. ಆ ಕಾಲ ಹೋಯಿತು. ಆದರೆ ಗಲ್ಫಿನ ಹೆಚ್ಚಿನ ನಾಣ್ಯಗಳು ಈಗ ಡಾಲರಿಗೆ ಕಟ್ಟಿಹಾಕಿದಂತೆ ಇರುವುದರಿಂದ ನಿಮಗೆ ಒಂದು ಅನುಕೂಲವಿದೆ. ಒಂದು ಡಾಲರಿಗೆ ಯುಎಇಯ 3.6725 ದಿರ್ಹಮ್, ಸೌದಿಯ 3.75 ರಿಯಾಲ್, ಕತಾರಿನ 3.64 ರಿಯಾಲ್, ಬಹರೈನಿನ 0.376 ದಿನಾರ್, ಒಮಾನಿನ 0.3845 ರಿಯಾಲ್. ಕುವೈತ್ ದಿನಾರ್ ಮಾತ್ರ ಹಲವು ನಾಣ್ಯಗಳ ಬುಟ್ಟಿಗೆ ಹೊಂದಿಕೊಂಡಿರುವುದರಿಂದ ಈ ಲೆಕ್ಕಕ್ಕೆ ಬರುವುದಿಲ್ಲ.

ಡಾಲರಿನ ದಿನದ ದರವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ನಿಮ್ಮ ಮಧ್ಯದರ ಸಿಗುತ್ತದೆ. ಡಾಲರ್ ₹86 ಇದ್ದ ದಿನ ದಿರ್ಹಮ್ ₹23.42, ಸೌದಿ ರಿಯಾಲ್ ₹22.93. ಅಂದು ಎಕ್ಸ್‌ಚೇಂಜಿನ ಆ್ಯಪು ದಿರ್ಹಮಿಗೆ ₹23.20 ತೋರಿಸಿದರೆ 5,000 ದಿರ್ಹಮಿಗೆ ಸುಮಾರು ₹1,100 ದರದಲ್ಲೇ ಹೋಯಿತು, ಶುಲ್ಕ ಬೇರೆ. ಪಕ್ಕದ ಎಕ್ಸ್‌ಚೇಂಜು ಶುಲ್ಕ ತೆಗೆದುಕೊಂಡೂ ₹23.35 ಕೊಟ್ಟರೆ ಎರಡನ್ನೂ ತೂಗಿ ನೋಡಿ. ಸಂಬಳದ ದಿನ ಸರತಿಯಲ್ಲಿ ನಿಂತು ಅವಸರದಲ್ಲಿ ಕಳಿಸುವ ಬದಲು ಎರಡು ಮೂರು ತಿಂಗಳ ಸದಕಾವನ್ನು ಒಟ್ಟಿಗೆ ಕಳಿಸಿದರೆ ಶುಲ್ಕ ಒಂದೇ ಸಲ ಬೀಳುತ್ತದೆ. ರಮಝಾನಿನ ಝಕಾತನ್ನು ಮಾತ್ರ ತಡಮಾಡಬೇಡಿ, ಜೂನ್ ತಿಂಗಳ ಕಾಲೇಜು ಫೀಸಿಗೆ ನಾವು ಅದನ್ನೇ ನೆಚ್ಚಿಕೊಂಡಿರುತ್ತೇವೆ.

ಇನ್ನೊಂದು ವಿನಂತಿ. ನಮ್ಮ ಟ್ರಸ್ಟಿಗೆ ಎಫ್‌ಸಿಆರ್‌ಎ ನೋಂದಣಿ ಇಲ್ಲ. ಹೊರದೇಶದಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ದಾನ ವಿದೇಶಿ ದೇಣಿಗೆ ಎನಿಸುವುದಿಲ್ಲ, ಅದನ್ನು ನಾವು ಸ್ವೀಕರಿಸಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ, ಅವರಲ್ಲಿ ಒಸಿಐ ಕಾರ್ಡ್ ಇದ್ದರೂ, ಸ್ವೀಕರಿಸುವಂತಿಲ್ಲ. ನಿಮ್ಮದೇ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಗೆ ಹಣ ತರಿಸಿ, ಅಲ್ಲಿಂದ ಟ್ರಸ್ಟಿನ ಖಾತೆಗೆ ವರ್ಗಾಯಿಸಿ. ಗೆಳೆಯರ ಹಣವನ್ನು ಒಟ್ಟು ಮಾಡಿ ಒಬ್ಬರ ಹೆಸರಿನಲ್ಲಿ ಕಳಿಸಬೇಡಿ, ರಸೀದಿ ಬರೆಯುವಾಗ ನಮಗೂ ತಪಾಸಣೆಯಲ್ಲಿ ನಿಮಗೂ ತೊಂದರೆ.

ಈ ವರ್ಷದ ಅರ್ಜಿದಾರರ ಗಮನಕ್ಕೆ

2025-26ನೇ ಸಾಲಿನಲ್ಲಿ ಹೊರದೇಶದ ಓದಿಗೆ ನೆರವು ಕೇಳುವ ಕುಟುಂಬಗಳಿಗೆ ಸಮಿತಿ ಒಂದು ಹೊಸ ನಿಯಮ ಮಾಡಿದೆ. ಮಂಜೂರಾದ ಹಣ ಬಿಡುಗಡೆಯಾಗುವ ಮೊದಲು ಕನಿಷ್ಠ ಎರಡು ಕಡೆಯ ದರವನ್ನು ಒಂದೇ ದಿನ ವಿಚಾರಿಸಿ, ಒಟ್ಟು ಕೊಡಬೇಕಾದ ರೂಪಾಯಿ ಮತ್ತು ಅಲ್ಲಿ ತಲುಪುವ ಮೊತ್ತವನ್ನು ಬರೆದು ಕೊಡಬೇಕು. ಕಡಿಮೆ ಓದಿದ ಹೆತ್ತವರು ಇದರಿಂದ ಹಿಂಜರಿಯಬಾರದು. ಶನಿವಾರ ಅಸ್ರ್ ನಮಾಝಿನ ನಂತರ ಕಚೇರಿಯಲ್ಲಿ ಇಬ್ಬರು ಸ್ವಯಂಸೇವಕರು ಇರುತ್ತಾರೆ, ಎ2 ಅರ್ಜಿಯನ್ನು ಹೇಗೆ ತುಂಬಬೇಕೆಂದು ತೋರಿಸಿಕೊಡುತ್ತಾರೆ. ಹಣ ಕಳಿಸುವ ಕೆಲಸವನ್ನು ಮಾತ್ರ ಸೋಮವಾರ ಹಗಲಿಗೆ ಇಟ್ಟುಕೊಳ್ಳಿ. ನಿಮ್ಮ ಪಾಸ್‌ವರ್ಡ್, ಒಟಿಪಿಯನ್ನು ನಮ್ಮವರು ಕೇಳುವುದಿಲ್ಲ, ಕೇಳಿದರೂ ಕೊಡಬೇಡಿ.

ಬರುವಾಗ ಹಣ ಕಳಿಸುವವರ ಪ್ಯಾನ್ ಕಾರ್ಡ್, ವಿದ್ಯಾರ್ಥಿಯ ಪಾಸ್‌ಪೋರ್ಟ್ ಮತ್ತು ಪ್ರವೇಶ ಪತ್ರದ ಪ್ರತಿ, ವಿಶ್ವವಿದ್ಯಾಲಯದ ಅಥವಾ ಬ್ಲಾಕ್ಡ್ ಅಕೌಂಟಿನ ಖಾತೆ ವಿವರ ಇರುವ ಕಾಗದ, ಈ ವರ್ಷ ಈಗಾಗಲೇ ಹೊರಗೆ ಕಳಿಸಿದ ಹಣವಿದ್ದರೆ ಅದರ ರಸೀದಿ ತನ್ನಿ. ಕಳಿಸಿದ 15 ದಿನಗಳೊಳಗೆ ಸ್ವಿಫ್ಟ್ ಪ್ರತಿಯನ್ನು ಕಚೇರಿಗೆ ತಲುಪಿಸಬೇಕು. ಅದು ಬಂದ ಮೇಲೆ ಎರಡನೇ ಕಂತು ಬಿಡುಗಡೆಯಾಗುತ್ತದೆ.